ಕಣ್ಣಿಗೊತ್ತಿಕೊಂಡ ಗುಳಿಗೆ

ಔಷಧ ಕೊಡುವ ಮೊದಲು ಕೈ ತೊಳೆದುಕೊಳ್ಳಿರಿ ಎಂದು ಕೇಳಿದ್ದಕ್ಕಾಗಿ, ಬಸವನ ಬಾಗೇವಾಡಿಯ ವೃದ್ಧರ ಆರೈಕೆ ಮನೆಯೊಂದರ ದಿನವಹಿಯಲ್ಲಿ ನನ್ನ ಹೆಸರಿನ ಮುಂದೆ "ಇವರು ಮಡಿ-ಮೈಲಿಗೆ ಆಚರಿಸುತ್ತಾರೆ" ಎಂದು ಬರೆಯಲಾಯಿತು. ಬರೆದ ಹನ್ನೊಂದನೆಯ ದಿನಕ್ಕೆ ನನ್ನ ಅಕ್ಕನ ಇದ್ದೊಂದು ಕಣ್ಣಿಗೆ ಸೋಂಕು ತಗುಲಿತು. ಈ ಎರಡು ಸಂಗತಿಗಳ ನಡುವೆ ಯಾರು ಏನು ಅಂದರು, ಯಾರು ಏನೂ ಅನ್ನದೆ ಕುಳಿತರು ಎಂಬುದನ್ನು ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ನನಗಿಲ್ಲ.

ನಾನು ಮೂವತ್ತಾರು ವರ್ಷ ಸರ್ಕಾರಿ ದವಾಖಾನೆಗಳಲ್ಲಿ ನರ್ಸಾಗಿದ್ದವಳು. ಮೊದಲ ನೇಮಕಾತಿ ಇಂಡಿ ತಾಲೂಕಿನ ತಾಂಬಾದಲ್ಲಿ. ಆಮೇಲೆ ಇಂಡಿ ಪಟ್ಟಣ, ಮೋರಟಗಿ, ಸಿಂದಗಿ, ಕೊನೆಗೆ ಮುದ್ದೇಬಿಹಾಳ. ತಾಂಬಾದಲ್ಲಿ ಗಾಜಿನ ಸಿರಿಂಜುಗಳನ್ನು ಸ್ಟೀಲಿನ ಡಬ್ಬಿಗೆ ಹಾಕಿ ಸ್ಟೋವಿನ ಮೇಲೆ ಕುದಿಸುತ್ತಿದ್ದೆವು. ನೀರು ಕುದಿಯತೊಡಗಿದ ಮೇಲೆ ಇಪ್ಪತ್ತು ನಿಮಿಷ. ಹೊರಗೆ ಎಷ್ಟು ಜನ ಗದ್ದಲ ಮಾಡಿದರೂ ಇಪ್ಪತ್ತೇ ನಿಮಿಷ. ಒಮ್ಮೆ ಊರಿನ ಹಿರಿಯರೊಬ್ಬರು ನೆರೆದವರ ಎದುರು ನಕ್ಕು, "ನರ್ಸಬಾಯಿ, ಅದೇನ್ ಬ್ಯಾಳಿ ಕುದಸಾಕತ್ತೀರೇನ್ರಿ?" ಎಂದಿದ್ದರು.

"ಬ್ಯಾಳಿ ಹಸೀ ಉಳದ್ರ ಹೊಟ್ಟಿ ನೋಯತೈತ್ರಿ ಯಜಮಾನ್ರ. ಇದು ಹಸೀ ಉಳದ್ರ ಜೀವ ಹೋಗತೈತಿ" ಎಂದು ನಾನೂ ನೆರೆದವರ ಎದುರೇ ಹೇಳಿದ್ದೆ. ಆಗ ನನಗೆ ಇಪ್ಪತ್ತಮೂರು ವರ್ಷ. ಸಿಂದಗಿಯಲ್ಲಿದ್ದಾಗ ಒಬ್ಬ ವೈದ್ಯರು ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತು, "ಸಿಸ್ಟರ್, ನಿಮಗ ಕೈ ತೊಳಿಯೂ ರೋಗ ಐತಿ, ಮದ್ಲ ಅದಕ್ಕ ಔಷಧಿ ತಗೋರಿ" ಎಂದದ್ದೂ ನೆನಪಿದೆ. ಅವರು ಈಗಿಲ್ಲ. ಆ ಮಾತು ಇದೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಬಾಗೇವಾಡಿಯ ಹತ್ತಿರದ ಇಂಗಳೇಶ್ವರಕ್ಕೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡ. ಮದುವೆಯಾಗದ ನನ್ನ ಜೊತೆ ಇರಲು ಬಂದವಳು, ನಾನು ವರ್ಗವಾದ ಊರೂರಿಗೂ ಒಲೆ, ಹಾಸಿಗೆ ಹೊತ್ತು ಬಂದಳು. ಅವಳ ಎಡಗಣ್ಣು ಹರೆಯದಲ್ಲೇ ಹೋಗಿತ್ತು. ಜೋಳ ಕೀಳುವಾಗ ಕಣಿಕೆಯ ತುದಿ ಚುಚ್ಚಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಅವಳು ಐವತ್ತು ವರ್ಷ ಕೌದಿ ಹೊಲಿದಳು. ಹಳೆಯ ಸೀರೆಗಳ ತುಂಡುಗಳನ್ನು ಹಾಸಿ, ಅಂಚಿನಿಂದ ನಡುವಿಗೆ ಓಟದ ಹೊಲಿಗೆ ಹಾಕುತ್ತಾ ಬಂದರೆ ಅವಳ ಸಾಲು ಗೆರೆ ಎಳೆದಷ್ಟು ನೇರ. ಇಬ್ಬರು ತಾಯಂದಿರು ಜಗಳ ತೆಗೆಯುವಷ್ಟು ಅವಳ ಕೂಸಿನ ಕೌದಿಗಳಿಗೆ ಬೇಡಿಕೆಯಿತ್ತು.

ಆರೈಕೆ ಮನೆಗೆ ನಮ್ಮನ್ನು ಯಾರೂ ತಂದು ಬಿಟ್ಟದ್ದಲ್ಲ. ಅಕ್ಕನ ಮೊಣಕಾಲು, ನನ್ನ ಸೊಂಟ ಎರಡೂ ಕೈಕೊಟ್ಟ ಮೇಲೆ, ಒಂದೇ ತಿಂಗಳಲ್ಲಿ ಇಬ್ಬರೂ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ, ನಾವೇ ಕುಳಿತು ತೀರ್ಮಾನಿಸಿದೆವು. ಬಾಗೇವಾಡಿಯಾದರೆ ಇಂಗಳೇಶ್ವರದ ಅವಳ ಮೈದುನ ಬೈಕಿನ ಮೇಲೆ ಬಂದು ಹೋಗಬಹುದು ಎಂಬುದು ಲೆಕ್ಕಾಚಾರ. ನ್ಯಾಯವಾಗಿ ಹೇಳಬೇಕು: ಅಲ್ಲಿ ಊಟ ಒಳ್ಳೆಯದಿತ್ತು, ಹಾಸಿಗೆ ಚೊಕ್ಕಟವಿತ್ತು, ಬಿಸಿ ರೊಟ್ಟಿ ಸಿಗುತ್ತಿತ್ತು. ನಾವು ಇಪ್ಪತ್ತನಾಲ್ಕು ಜನರಿದ್ದೆವು. ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ನನ್ನ ತಕರಾರು ಬೆಳಗಿನ ಅರ್ಧ ತಾಸಿನದು ಮಾತ್ರ.

ಆ ಅರ್ಧ ತಾಸಿನ ಪದ್ಧತಿಯನ್ನು ವಿವರಿಸಲೇಬೇಕು. ಏಳೂ ಕಾಲಿಗೆ ಪಡಸಾಲೆಯಲ್ಲಿ ಪ್ರಾರ್ಥನೆ. ಮುಗಿದೊಡನೆ ಎಲ್ಲರೂ ಗೋಡೆಗುಂಟ ಕುರ್ಚಿಗಳಲ್ಲಿ ಸಾಲಾಗಿ ಕೂರುವುದು. ಆರೈಕೆಯ ಕೆಲಸದ ಹೆಣ್ಣುಮಗಳು ಹಿತ್ತಾಳೆಯ ತಾಟು ಹಿಡಿದು ಬರುತ್ತಾಳೆ. ತಾಟಿನ ಒಂದು ಬದಿಗೆ ವಿಭೂತಿ, ಇನ್ನೊಂದು ಬದಿಗೆ ಚೀಟಿ ಇಟ್ಟು ಗುಂಪು ಗುಂಪಾಗಿ ಬಿಡಿಸಿಟ್ಟ ಗುಳಿಗೆಗಳು. ಮೂರು ಬೆರಳಿನಿಂದ ಹಣೆಗೆ ವಿಭೂತಿ ಹಚ್ಚುವುದು, ಅದೇ ಬೆರಳಿನಿಂದ ಗುಳಿಗೆ ಎತ್ತಿ ಅಂಗೈಗೆ ಹಾಕುವುದು. ಮುದುಕರು ಎರಡೂ ಕೈಯೊಡ್ಡಿ ಅದನ್ನು ಪ್ರಸಾದದಂತೆ ತೆಗೆದುಕೊಂಡು, ಎರಡೂ ಕಣ್ಣಿಗೆ ಒತ್ತಿಕೊಂಡು, ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದು ಮುಗಿದ ಮೇಲೆ ಕಣ್ಣಿಗೆ ಹನಿ ಹಾಕಿಸಿಕೊಳ್ಳುವವರು ತಲೆ ಹಿಂದಕ್ಕೆ ಚೆಲ್ಲಬೇಕು. ಅವಳು ಅದೇ ಕೈಯಿಂದ ರೆಪ್ಪೆ ಬಿಡಿಸಿ ಹನಿ ಬಿಡುತ್ತಾಳೆ.

ವ್ಯವಸ್ಥಾಪಕರಿಗೆ ಈ ಪದ್ಧತಿಯ ಬಗ್ಗೆ ಬಹಳ ಅಭಿಮಾನ. ಬಂದವರಿಗೆಲ್ಲ ತೋರಿಸುತ್ತಿದ್ದರು, ಬಂದವರು ಫೋಟೊ ಹಿಡಿಯುತ್ತಿದ್ದರು. ಅದರಲ್ಲಿ ಒಂದು ಗುಣವೂ ಇತ್ತೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಗುಳಿಗೆ ಬೇಡವೆಂದು ಉಗುಳುತ್ತಿದ್ದ ಮುದುಕರು ಪ್ರಸಾದವೆಂದರೆ ಉಗುಳುತ್ತಿರಲಿಲ್ಲ. ನಾನೂ ಒಂದು ವರ್ಷ ಆ ಸಾಲಿನಲ್ಲಿ ಕುಳಿತೆ. ಒಂದೆರಡು ಸಲ ಹೇಳಿದೆ, ಅವರು ನಕ್ಕರು, ನಾನು ಬಿಟ್ಟೆ. ನನ್ನ ಗುಳಿಗೆಯನ್ನು ಸೆರಗಿಗೆ ಒರೆಸಿ ನುಂಗುತ್ತಿದ್ದೆ. ಮೂವತ್ತಾರು ವರ್ಷ ನರ್ಸಾಗಿದ್ದವಳು ಸೆರಗಿಗೆ ಒರೆಸಿದರೆ ಸ್ವಚ್ಛವಾಯಿತೆಂದು ಕುಳಿತದ್ದು ನನ್ನ ತಪ್ಪು. ಬೇರೆಯವರ ತಪ್ಪನ್ನು ಬರೆಯುವ ಮೊದಲು ಅದನ್ನು ಬರೆದಿದ್ದೇನೆ.

ಅಕ್ಕನ ಬಲಗಣ್ಣಿಗೆ ಪೊರೆ ಬಂದು ವಿಜಯಪುರದಲ್ಲಿ ಆಪರೇಷನ್ನಾದ ಮೇಲೆ ನಾನು ಸುಮ್ಮನಿರುವಂತಿರಲಿಲ್ಲ. ನಮ್ಮ ಆರೈಕೆ ಮನೆಯಿಂದ ಮೂವರಿಗೆ ಒಂದೇ ದಿನ ಆಪರೇಷನ್ನು ಆಗಿತ್ತು. ಮೂವರಿಗೂ ಒಂದೇ ಹನಿ ಬರೆದುಕೊಟ್ಟಿದ್ದರು. ಪಟ್ಟಿ ಬಿಚ್ಚಿದ ಮೂರನೆಯ ದಿನ ಅಕ್ಕ ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ಒಂದೇ ಏಟಿಗೆ ದಾರ ಪೋಣಿಸಿ, "ನೋಡಿಲ್ಲಿ. ಇಷ್ಟ ದಿನ ನೀ ಪೋಣಿಸಿ ಕೊಡೂದನ್ನ ಕಾಯಕೋಂತ ಕುಂಡ್ರತಿದ್ನೆಲ್ಲಾ, ಇನ್ ನಿನ್ನ ಸೊಕ್ಕು ನಡಿಯೂದಿಲ್ಲ" ಎಂದಿದ್ದಳು.

ಅದರ ಮರುದಿನವೇ ನಾನು ಕಂಡದ್ದು: ಎದುರಿನ ಮುದುಕರ ಕೆಂಪು ಗುಳಿಗೆಯ ಮೇಲೆ ಬೆಳ್ಳಗೆ ವಿಭೂತಿಯ ಬೆರಳಚ್ಚು. ಅಷ್ಟು ಸ್ಪಷ್ಟ. ವಿಭೂತಿ ಬೆಳ್ಳಗಿರುವುದರಿಂದ ಕಂಡಿತು. ಅದರ ಜೊತೆ ಒಬ್ಬರ ಹಣೆಯಿಂದ ಇನ್ನೊಬ್ಬರ ಬಾಯಿಗೆ ಹೋದದ್ದು ಬಣ್ಣವಿಲ್ಲದ್ದರಿಂದ ಕಾಣಲಿಲ್ಲ. ಆಮೇಲೆ ನಾನು ಎಣಿಸತೊಡಗಿದೆ. ಮೊದಲ ಹಣೆಯಿಂದ ಇಪ್ಪತ್ತನಾಲ್ಕನೆಯ ಹಣೆಯವರೆಗೆ ಅವಳು ಒಮ್ಮೆಯೂ ಕೈ ತೊಳೆಯಲಿಲ್ಲ. ತೊಳೆಯುವುದಾದರೂ ಎಲ್ಲಿ? ನಳ ಇದ್ದದ್ದು ಅಡುಗೆಮನೆಯ ಹಿಂದೆ, ಪಡಸಾಲೆಯಿಂದ ಮೂವತ್ತೊಂದು ಹೆಜ್ಜೆ. ಏಳೂಮುಕ್ಕಾಲಿಗೆ ಅವಳೇ ಉಪ್ಪಿಟ್ಟು ಬಡಿಸಬೇಕು.

ಆ ಹೆಣ್ಣುಮಗಳು ಮೋರಟಗಿ ಕಡೆಯವಳು. ಮೂವತ್ತೈದರ ಆಸುಪಾಸು, ಚುರುಕು, ನಗೆಮಾತಿನವಳು. ನಾನು ಮೋರಟಗಿಯಲ್ಲಿದ್ದೆನೆಂದು ಗೊತ್ತಾದ ದಿನ ತೋಳಿನ ಲಸಿಕೆಯ ಕಲೆ ತೋರಿಸಿ, "ಈ ಕಲಿ ನಿಮ್ಮದ ಇರಬೇಕ್ರಿ ಆಯಿ. ನಮ್ಮವ್ವ ಹೇಳತಿದ್ಲು, ಒಬ್ಬಾಕಿ ಕಡ್ಡಿಯಂಥಾ ನರ್ಸಬಾಯಿ ಬಂದು ಊರನ್ನೆಲ್ಲಾ ಅಳಿಸಿ ಹೋಗತಿದ್ಲು ಅಂತ" ಎಂದು ನಕ್ಕಿದ್ದಳು. ನನಗೆ ಅವಳೆಂದರೆ ಇಷ್ಟವಿತ್ತು. ಆದ್ದರಿಂದಲೇ ನಾನು ವ್ಯವಸ್ಥಾಪಕರ ಬಳಿ ಹೋಗದೆ ಮೊದಲು ಅವಳ ಬಳಿಯೇ ಮಾತಾಡಿದೆ. ಹಾಗೆ ಮಾಡಿದ್ದು ಸರಿ. ಮಾಡಿದ ರೀತಿ ಸರಿಯಾಗಲಿಲ್ಲ.

ನಾನು ನನ್ನ ಪೆಟ್ಟಿಗೆಯಿಂದ ಒಂದು ಸಣ್ಣ ಸ್ಟೀಲಿನ ಬಟ್ಟಲು ತೆಗೆದು, ತೊಳೆದು, ಅವಳು ಅಕ್ಕನ ಮುಂದೆ ಬಂದಾಗ ಮುಂದೆ ಹಿಡಿದೆ.

"ತಂಗಿ, ನಮ್ಮಕ್ಕನ ಗುಳಿಗಿ ಕೈಯಾಗ ಹಾಕಬ್ಯಾಡ. ಪಾಕೀಟದಿಂದ ಸೀದಾ ಈ ಬಟ್ಟಲದಾಗ ಹಾಕು. ಹನಿ ನಾನ ಹಾಕತೇನಿ, ನೀ ಮುಟ್ಟಬ್ಯಾಡ."

ಅವಳ ಮುಖದ ನಗೆ ನಿಂತಿತು.

"ಯಾಕ್ರಿ ಆಯಿ? ನನ್ನ ಕೈ ಆಗೂದಿಲ್ಲೇನ್ರಿ ನಿಮಗ?"

"ನಿನ್ನ ಕೈ ಅಂತಲ್ಲವಾ. ಯಾರ ಕೈ ಆದ್ರೂ ಅಷ್ಟ. ನನ್ನ ಕೈನೂ ಅಷ್ಟ."

"ಬಟ್ಟಲಾ ಬ್ಯಾರೆ ಇಟ್ಟೀರೆಲ್ಲಾ, ಅದಕ್ಕ ಕೇಳಿದ್ನಿ" ಎಂದು ತಾಟನ್ನು ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟಳು. "ನಮ್ಮೂರ ಚಾದ ಅಂಗಡ್ಯಾಗ ನಮ್ಮಪ್ಪಗ ಕಪ್ ಬ್ಯಾರೆ ಇಡತಿದ್ರು. ಕುಡದ ಮ್ಯಾಲ ತಾನ ತೊಳದು ಡಬ್ಬ ಹಾಕಿ ಬರತಿದ್ದ. ನನಗ ಈ ಬ್ಯಾರೆ ಬಟ್ಟಲದ ಸುದ್ದಿ ಹೊಸಾದೇನಲ್ರಿ."

ಆ ಅಂಗಡಿಯ ಕಪ್ಪು ನನಗೂ ಗೊತ್ತಿತ್ತು. ಮೋರಟಗಿಯಲ್ಲಿದ್ದಾಗ ನಾನು ಅದನ್ನು ನೋಡಿದ್ದೆ, ನೋಡಿ ನನ್ನ ಚಹಾ ಕುಡಿದು ಎದ್ದು ಬಂದಿದ್ದೆ. ಹುಳುವಿನ ಬಗ್ಗೆ, ಸೋಂಕಿನ ಬಗ್ಗೆ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಕಣ್ಣೊರೆಸಿಕೊಳ್ಳುತ್ತಾ ಒಳಗೆ ಹೋಗಿಯಾಗಿತ್ತು. ಅಕ್ಕ ನನ್ನ ಕಡೆ ತಿರುಗಿ, "ಬೇಕಿತ್ತೇನ ನಿನಗ? ನೌಕರಿ ಮುಗದು ಹದಿನೈದು ವರ್ಷ ಆತು. ಇನ್ನೂ ಯಾರರ ಡ್ಯೂಟಿಗೆ ಕರದಾರೇನ ನಿನ್ನ?" ಎಂದಳು.

ಸೋಮವಾರ ಆಡಳಿತ ಮಂಡಳಿಯ ಮೂವರು ಬಂದರು. ವ್ಯವಸ್ಥಾಪಕರ ಕೋಣೆಗೆ ನನ್ನನ್ನು ಕರೆಸಿದರು. ಅವರು ನಾಲ್ವರಿಗೂ ಕುರ್ಚಿಯಿತ್ತು. ನನಗೆ ಸೊಂಟ ನೋವಿತ್ತು. ಕುಳಿತುಕೊಳ್ಳಿರಿ ಎಂದು ಯಾರೂ ಹೇಳಲಿಲ್ಲ.

"ಅಕ್ಕಾರ, ಈ ಊರಾಗ ನಿಂತು ಹಿಂಥಾ ಮಾತು ಆಡಬಾರದ್ರಿ" ಎಂದರು ವ್ಯವಸ್ಥಾಪಕರು. "ಇಲ್ಲಿ ಎಲ್ಲಾರೂ ಒಂದ. ಮುಟ್ಟಬ್ಯಾಡ ಅಂದ್ರ ಏನ್ ಅರ್ಥ ಬರತೈತಿ ಹೇಳ್ರಿ."

"ಅರ್ಥ ನಾ ಹೇಳತೇನ್ರಿ ಸಾಹೇಬ್ರ. ಆಪರೇಷನ್ ಆದ ಕಣ್ಣು ಅದು. ನಾ ಮೂರು ಕೇಳತೇನಿ. ಪಡಸಾಲ್ಯಾಗ ಒಂದು ನಳ, ಸಾಬೂನು. ಎಲ್ಲಾರ್ಗೂ ಒಂದೊಂದು ಬಟ್ಟಲಾ. ಕಣ್ಣಿನ ಹನಿ ಒಬ್ಬೊಬ್ಬರ್ಗೆ ಒಂದೊಂದು ಬಾಟ್ಲಿ."

ಮಂಡಳಿಯವರಲ್ಲಿ ದಪ್ಪ ಕನ್ನಡಕದವರು ಒಬ್ಬರು. ಅವರು ಉಳಿದವರ ಕಡೆ ನೋಡಿ ನಕ್ಕು, "ಎಲ್ಲಾರೂ ಒಂದ ಅಂತೇವಿ, ಬಾಟ್ಲಿ ಮಾತ್ರ ಬ್ಯಾರೆ ಬ್ಯಾರೆ ಇಡೂದೇನ್ರಿ? ಔಷಧಿ ಒಂದ ಇದ್ದ ಮ್ಯಾಲ ಒಂದ ಬಾಟ್ಲಿ ಮುಗಸಿ ಇನ್ನೊಂದು ತಗದ್ರ ಆತು" ಎಂದರು. ಆ ನಗೆಗೆ ಉಳಿದ ಇಬ್ಬರೂ ಸೇರಿಕೊಂಡರು. ಇಪ್ಪತ್ತನಾಲ್ಕು ಜನರ ಔಷಧವನ್ನು ಒಬ್ಬಳೇ ಅರ್ಧ ತಾಸಿನಲ್ಲಿ ಹೇಗೆ ಕೊಟ್ಟು ಮುಗಿಸಬೇಕೆಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಅವಳನ್ನು ಕರೆಸಲೂ ಇಲ್ಲ. ಅವಳ ಅಪ್ಪನ ಕಪ್ಪಿನ ನೋವನ್ನು ಎತ್ತಿ ನನ್ನ ಮುಂದೆ ಇಟ್ಟವರು, ಅವಳಿಗೆ ಕೈ ತೊಳೆಯಲು ನಾಲ್ಕು ಹೆಜ್ಜೆಯಲ್ಲಿ ನೀರು ಕೊಡಲು ಒಪ್ಪಲಿಲ್ಲ.

ದಿನವಹಿಯಲ್ಲಿ ಆ ವಾಕ್ಯವನ್ನು ನನ್ನ ಎದುರೇ ಬರೆದರು. ಜೊತೆಗೆ, ನಾಳೆ ಪ್ರಾರ್ಥನೆಯ ನಂತರ ಎಲ್ಲರ ಮುಂದೆ ತಪ್ಪಾಯಿತೆಂದು ಕೈ ಮುಗಿಯಬೇಕು, ಅಕ್ಕನ ಹನಿಯ ಬಾಟಲಿ ಮನೆಯ ಕಪಾಟಿನಲ್ಲೇ ಇರಬೇಕು ಎಂದರು. ಇಲ್ಲವಾದರೆ ಬೇರೆ ಜಾಗ ನೋಡಿಕೊಳ್ಳಿರಿ ಎಂದು ಬಾಯಿಬಿಟ್ಟು ಹೇಳಲಿಲ್ಲ; ದಿನವಹಿಯನ್ನು ಮುಚ್ಚಿದ ರೀತಿಯಲ್ಲಿ ಹೇಳಿದರು.

ನಾನು ಕೈ ಮುಗಿಯುವುದಿಲ್ಲವೆಂದು ಹಟ ಹಿಡಿದೆ. ಅಕ್ಕ ಹಾಸಿಗೆಯ ಮೇಲೆ ಕೌದಿಯ ತುಂಡುಗಳನ್ನು ಜೋಡಿಸುತ್ತಿದ್ದವಳು ತಲೆಯೆತ್ತದೆ, "ಕೈ ಮುಗದ್ರ ನಿನ್ನ ಕೈ ಸವೀತಾವೇನ? ಮುಗಿ. ಆ ಹುಡಿಗಿಗೆ ನೋವಾಗೇತಿ, ಅದು ಸುಳ್ಳಲ್ಲ" ಎಂದಳು.

ಮರುದಿನ ಮುಗಿದೆ. ಆ ಹೆಣ್ಣುಮಗಳಿಗೆ ಮುಗಿದದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಅವಳ ಪಕ್ಕದಲ್ಲಿ ವ್ಯವಸ್ಥಾಪಕರು ನಿಂತಿದ್ದರು. ಅವರು ಆ ನಮಸ್ಕಾರವನ್ನು ತಮಗೆಂದು ತೆಗೆದುಕೊಂಡು ತಲೆಯಾಡಿಸಿದರು. ಅದನ್ನು ಮಾತ್ರ ನಾನು ಅವರಿಗೆ ಕೊಟ್ಟಿರಲಿಲ್ಲ.

ದಿನವಹಿಯಲ್ಲಿ ಬರೆದ ಒಂಬತ್ತನೆಯ ದಿನ ಮುದ್ದೇಬಿಹಾಳ ಕಡೆಯ ಮುದುಕಿಯೊಬ್ಬಳು ರೆಪ್ಪೆ ಅಂಟಿಕೊಂಡ ಕಣ್ಣುಗಳೊಡನೆ ಎದ್ದಳು. ನಮ್ಮ ಕಡೆ ಇದಕ್ಕೆ ಕಣ್ಣು ಬಂದಾವ ಎನ್ನುತ್ತಾರೆ. ಪ್ರಾರ್ಥನೆಯ ಸಾಲಿನಲ್ಲಿ ಅವಳು ಮೊದಲನೆಯವಳು, ಅಕ್ಕ ನಾಲ್ಕನೆಯವಳು. ಹೆಣ್ಣುಮಗಳು ಅರಳೆಯಿಂದ ಆ ಕಣ್ಣುಗಳನ್ನು ಒರೆಸಿದಳು. ಒರೆಸಿದ ಕೈಯಿಂದ ವಿಭೂತಿ ಹಚ್ಚಿದಳು, ಗುಳಿಗೆ ಕೊಟ್ಟಳು. ಅಷ್ಟರಲ್ಲಿ ವ್ಯವಸ್ಥಾಪಕರು, "ಹ್ಯಾಂಗೂ ಹನಿ ಐತೆಲ್ಲಾ, ಆಕೀಗೂ ಒಂದೊಂದು ಬಿಡು, ಕಮ್ಮಿ ಆಗತೈತಿ" ಎಂದರು. ಬಾಟಲಿಯ ಮೂತಿ ಆ ರೆಪ್ಪೆಗೆ ತಾಕಿದ್ದು ನನ್ನ ಕುರ್ಚಿಯಿಂದ ಕಂಡಿತು.

ನಾನು ಎದ್ದು ನಿಂತೆ. "ನಿಂದರು, ತಂಗಿ. ಆ ಬಾಟ್ಲಿ ಇನ್ ಯಾರಿಗೂ ಬ್ಯಾಡ."

"ಅಕ್ಕಾರ, ಮತ್ತ ಶುರು ಮಾಡಿದ್ರೇನು? ಕುಂಡ್ರಿ" ಎಂದರು ವ್ಯವಸ್ಥಾಪಕರು. ಸಾಲಿನಲ್ಲಿದ್ದ ಎಲ್ಲರೂ ನನ್ನನ್ನೇ ನೋಡಿದರು. ಕೈ ಮುಗಿದು ಇನ್ನೂ ಎರಡು ವಾರವಾಗಿರಲಿಲ್ಲ. ಅಕ್ಕ ನನ್ನ ಸೆರಗು ಹಿಡಿದು ಕೆಳಗೆ ಜಗ್ಗಿದಳು. ನಾನು ಕುಳಿತೆ. ಅವಳು ಗುಳಿಗೆಯನ್ನು ಎರಡೂ ಕಣ್ಣಿಗೆ, ಕಾಣುವುದಕ್ಕೂ ಕಾಣದ್ದಕ್ಕೂ, ಒತ್ತಿಕೊಂಡು ನುಂಗಿದಳು. ಆಮೇಲೆ ತಲೆ ಹಿಂದಕ್ಕೆ ಚೆಲ್ಲಿದಳು. ನಾನು ಕುಳಿತೇ ಇದ್ದೆ. ಈ ಬರಹದಲ್ಲಿ ನನಗೆ ಅತ್ಯಂತ ಕಷ್ಟವಾದ ವಾಕ್ಯ ಇದೇ.

ಹನ್ನೊಂದನೆಯ ದಿನ ಕಣ್ಣು ಕೆಂಪಾಯಿತು. ಮಧ್ಯಾಹ್ನಕ್ಕೆ ನೋವು, ಬೆಳಕು ನೋಡಲಾಗದಷ್ಟು. "ಎರಡ ದಿನ ನೋಡೂಣ್ರಿ" ಎಂದರು ವ್ಯವಸ್ಥಾಪಕರು. ನಾನು ಎರಡು ನಿಮಿಷವೂ ನೋಡಲಿಲ್ಲ. ಇಂಗಳೇಶ್ವರದ ಮೈದುನನಿಗೆ ಫೋನು ಮಾಡಿ ಕಾರು ತರಿಸಿದೆ. ಕಪಾಟಿನ ಮುಂದೆ ನಿಂತು, ಆ ಹನಿಯ ಬಾಟಲಿ ಕೈಗೆ ಬರುವವರೆಗೆ ಇಲ್ಲಿಂದ ಕದಲುವುದಿಲ್ಲವೆಂದೆ. ಕೀಲಿ ತಂದು ತೆಗೆದುಕೊಟ್ಟವಳು ಅದೇ ಹೆಣ್ಣುಮಗಳು. ಆಪರೇಷನ್ನಾದ ಇನ್ನಿಬ್ಬರನ್ನೂ ಅದೇ ಕಾರಿನಲ್ಲಿ ಕೂರಿಸಿಕೊಂಡೆ.

ವಿಜಯಪುರದ ಕಣ್ಣಿನ ವೈದ್ಯೆ ಚಿಕ್ಕ ವಯಸ್ಸಿನವರು. ನಾನು ಬಿಳಿ ಅರಿವೆಯಲ್ಲಿ ಸುತ್ತಿ ತಂದಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಮೂತಿಯ ಸುತ್ತ ಬಿಳಿಯ ಹಕ್ಕಳೆ ಕಟ್ಟಿತ್ತು.

"ಇದೇನ್ರಿ ಅಮ್ಮಾರ?"

"ವಿಭೂತಿರಿ."

"ಇದನ್ನ ಇವ್ರೊಬ್ಬರಿಗೇ ಹಾಕ್ತಿದ್ರೇನ್ರಿ?"

"ನಾಕ ಮಂದಿಗ್ರಿ. ಮೂರ ಮಂದಿಗೆ ಆಪರೇಷನ್ ಆಗಿತ್ತು. ಒಬ್ಬಾಕಿಗೆ ಕಣ್ಣು ಬಂದಿದ್ದೂ."

ಅವರು ಬಾಟಲಿಯನ್ನು ಕೆಳಗಿಟ್ಟು, ಮೊದಲು ಹೋಗಿ ಕೈ ತೊಳೆದುಕೊಂಡು ಬಂದು, ಆಮೇಲೆ ಅಕ್ಕನ ಕಣ್ಣು ಮುಟ್ಟಿದರು. ಎಷ್ಟೋ ತಿಂಗಳ ಮೇಲೆ ನಾನು ಕಂಡ ಮೊದಲ ತೊಳೆದ ಕೈ ಅದು. ಇನ್ನಿಬ್ಬರಿಗೆ ಕೆಂಪು ಮಾತ್ರ ಏರಿತ್ತು. ಔಷಧ ಬದಲಿಸಿದ್ದರಿಂದ ಇಳಿಯಿತು. ಅಕ್ಕನನ್ನು ಒಂಬತ್ತು ದಿನ ಇರಿಸಿಕೊಂಡರು. ಕಣ್ಣು ಪೂರ್ತಿ ಹೋಗಲಿಲ್ಲ. ತೋಳಿನಳತೆಯಲ್ಲಿ ನಿಂತರೆ ನನ್ನ ಮುಖ ಗುರುತಾಗುತ್ತದೆ. ಸೂಜಿಯ ಕಣ್ಣು ಕಾಣುವುದಿಲ್ಲ. ಇನ್ನು ಕಾಣುವುದೂ ಇಲ್ಲ ಎಂದರು.

ಬೇರೆ ಊರಿನಲ್ಲಿ ಮನೆ ನೋಡುತ್ತೇನೆಂದು ಮೈದುನ ಹೇಳಿದ. ಅಕ್ಕ ಒಪ್ಪಲಿಲ್ಲ. "ಅಲ್ಲೇ ಹೋಗೂಣು. ಓಡಿ ಹೋದ್ರ ಅವರು ಬರದದ್ದ ಖರೇ ಆಗತೈತಿ" ಎಂದಳು. ನಾನು ಹೇಳಬೇಕಾದ ಮಾತನ್ನು ಒಂದು ಕಣ್ಣೂ ಸರಿಯಿಲ್ಲದವಳು ಹೇಳಿದಳು.

ಮರಳಿದ ಮೊದಲ ದಿನವೇ ನಾನು ಆ ಹೆಣ್ಣುಮಗಳನ್ನು ಕೋಣೆಗೆ ಕರೆದೆ. ಅವಳು ಬಾಗಿಲಲ್ಲೇ ನಿಂತಳು.

"ಬೈಯೂದಿದ್ರ ಬೈರಿ ಆಯಿ. ಆದ್ರ ನಾ ಬೇಕಂತ ಮಾಡಿಲ್ರಿ."

"ಬೈಯಾಕ ಕರದಿಲ್ಲ. ನಾಳೆ ಮುಂಜಾನೆ ಒಂದು ದಿನ ನಿನ್ನ ತಾಟು ನನಗ ಕೊಡು. ನೀ ನನ್ನ ಕುರ್ಚ್ಯಾಗ ಕುಂಡ್ರು. ಬರೇ ನೋಡು."

ಮರುದಿನ ನಾನು ತಾಟು ಹಿಡಿದೆ. ಗುಳಿಗೆಯ ಜಾಗದಲ್ಲಿ ಪುಟಾಣಿ, ಅಂದರೆ ಹುರಿಗಡಲೆ, ಇಟ್ಟಿದ್ದೆ. ವಿಭೂತಿಯ ಜಾಗದಲ್ಲಿ ಅರಿಶಿಣ. ಕುಂಕುಮವಾದರೆ ಕಣ್ಣಿಗೆ ಉರಿಯೆಂದು ಅಡುಗೆಮನೆಯ ಅರಿಶಿಣವನ್ನೇ ಆರಿಸಿದ್ದೆ. ಕಣ್ಣು ಚೆನ್ನಾಗಿದ್ದ ಆರು ಜನರನ್ನು ಮಾತ್ರ ಸಾಲಿಗೆ ಕೂರಿಸಿದೆ. ಮೂರು ಬೆರಳು ಅರಿಶಿಣಕ್ಕೆ ಅದ್ದಿ ಮೊದಲನೆಯವರ ಹಣೆಗೆ ಮಾತ್ರ ಹಚ್ಚಿದೆ. ಉಳಿದ ಐದು ಜನರಿಗೆ ಹಣೆಗೆ ಏನೂ ಇಲ್ಲ, ಪುಟಾಣಿ ಮಾತ್ರ. ಎಲ್ಲರೂ ರೂಢಿಯಂತೆ ಎರಡೂ ಕೈಯೊಡ್ಡಿದರು, ಕಣ್ಣು ಮುಚ್ಚಿ ಒತ್ತಿಕೊಂಡರು, ಬಾಯಿಗೆ ಹಾಕಿಕೊಂಡರು.

"ಈಗ ಒಬ್ಬರ ಮಾರಿ ಒಬ್ಬರು ನೋಡ್ರಿ" ಎಂದೆ.

ಆರು ಜನರ ರೆಪ್ಪೆಗಳ ಮೇಲೂ ಹಳದಿ. ಅಂಗೈಗಳಲ್ಲಿ ಹಳದಿ. ಒಬ್ಬರ ಮೀಸೆಯಲ್ಲಿ ಹಳದಿ. ಆ ಮೀಸೆಯ ಯಜಮಾನರು ಕುರಿ ಕಾಯ್ದು ಬೆಳೆದವರು, ಮಾತಿಗೆ ಅಂಜುವವರಲ್ಲ. "ಏನ್ ನರ್ಸಬಾಯಿ, ಈ ವಯಸ್ಸಿನಾಗ ಅರಿಷಿಣ ಹಚ್ಚಾಕತ್ತೀ. ಮದವಿ ಮಾಡಾಂವ ಇದ್ರ ಹೆಣ್ಣು ಎಲ್ಲೈತಿ ಹೇಳು ಮತ್ತ" ಎಂದರು. ಪಡಸಾಲೆಯೆಲ್ಲ ನಕ್ಕಿತು. ನಾನೂ ನಕ್ಕೆ, ಆ ಮನೆಯಲ್ಲಿ ಬಹಳ ದಿನಗಳ ಮೇಲೆ.

ಹೆಣ್ಣುಮಗಳು ನಗಲಿಲ್ಲ. ಎದ್ದು ಬಂದು ಆರನೆಯವರ ರೆಪ್ಪೆಯನ್ನು ಹತ್ತಿರದಿಂದ ನೋಡಿದಳು, ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡಳು. "ಇಷ್ಟು ದೂರ ಹೋಗತೈತೇನ್ರಿ ಆಯಿ, ಒಂದು ಕೈ?" ಎಂದಳು.

"ಹೋಗತೈತಿ. ನಿನ್ನ ಕೈನೂ ಹೋಗತೈತಿ, ನಂದೂ ಹೋಗತೈತಿ. ನಿನಗ ನಾ ಹೇಳಾಕ ಹೋಗಿದ್ದು ಇಷ್ಟ. ಬಟ್ಟಲಾ ಹಿಡದು ಕೆಡಿಸಿದ್ನಿ."

ಬಟ್ಟಲಿನ ತೊಡಕನ್ನು ಬಿಡಿಸಿದವಳು ಅವಳೇ. "ಬಟ್ಟಲಾ ಇಡೂದಾದ್ರ ಎಲ್ಲಾರ್ಗೂ ಇಡೂಣ್ರಿ. ಒಂದ ನಮೂನಿವು. ನನಗೂ ಒಂದು ಬೇಕ್ರಿ, ರಕ್ತ ಕಮ್ಮಿ ಐತಂತ ನಾನೂ ಗುಳಿಗಿ ತಗೋತೇನಿ. ನನ್ನ ಬಟ್ಟಲಾನೂ ಅದ ತಾಟಿನಾಗ ಇರಬೇಕು. ತೊಳಿಯೂದೂ ಒಂದ ಬುಟ್ಟ್ಯಾಗ" ಎಂದಳು. ಇಪ್ಪತ್ತೈದು ಬಟ್ಟಲುಗಳಲ್ಲಿ ಯಾವುದೂ ಬೇರೆಯದಲ್ಲ. ನನ್ನ ಮೂವತ್ತಾರು ವರ್ಷದ ನೌಕರಿಗೆ ಅದು ಹೊಳೆದಿರಲಿಲ್ಲ.

ಪದ್ಧತಿಯನ್ನು ನಾವು ಮುರಿಯಲಿಲ್ಲ. ಪ್ರಾರ್ಥನೆ ಇದೆ. ವಿಭೂತಿಯ ಬಟ್ಟಲು ಪ್ರತಿಯೊಬ್ಬರ ಮುಂದೆ ಬರುತ್ತದೆ. ತಮ್ಮ ಹಣೆಗೆ ತಾವೇ ಹಚ್ಚಿಕೊಳ್ಳುತ್ತಾರೆ, ಕೈ ನಡುಗುವವರು ಪುಡಿಯನ್ನು ಹಣೆಗೆ ಉದುರಿಸಿಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಕೈ ತೊಳೆಯುವುದು. ಒಬ್ಬರು ತಂಬಿಗೆಯಿಂದ ನೀರು ಹಾಕುವುದು, ಒಬ್ಬರು ಸಾಬೂನು ಕೊಡುವುದು. ಮೊದಲ ಎರಡು ವಾರ ಆ ತಂಬಿಗೆ ಹಿಡಿದವಳು ನಾನು. ಆಮೇಲೆ ಗುಳಿಗೆ, ಪಾಕೀಟಿನಿಂದ ನೇರವಾಗಿ ಬಟ್ಟಲಿಗೆ. ಕಣ್ಣಿಗೊತ್ತಿಕೊಳ್ಳುವ ರೂಢಿ ಬಿಡದವರು ಈಗ ಬಟ್ಟಲನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ಕಣ್ಣಿನ ಹನಿ ಕೊನೆಗೆ, ಪ್ರತಿಯೊಬ್ಬರಿಗೂ ಮತ್ತೆ ಕೈ ತೊಳೆದು.

ಓದು ಬಾರದ ಮುದುಕರಿಗೆ ತಮ್ಮ ಹನಿಯ ಬಾಟಲಿ ತಮ್ಮದೆಂದು ಗೊತ್ತಾಗುವುದು ಹೇಗೆ? ಅದಕ್ಕೆ ಅಕ್ಕ ತನ್ನ ಕೌದಿಯ ಗಂಟು ಬಿಚ್ಚಿದಳು. ಒಬ್ಬರ ಬಾಟಲಿಯ ಕೊರಳಿಗೆ ಕೆಂಪು ದಾರ, ಒಬ್ಬರದಕ್ಕೆ ಹಸಿರು, ಒಬ್ಬರದಕ್ಕೆ ಎರಡು ಗಂಟಿನ ಕಪ್ಪು. ಬಣ್ಣ ನಾನು ಹೇಳುತ್ತಿದ್ದೆ, ಗಂಟು ಅವಳು ಬೆರಳಿನಿಂದಲೇ ಹಾಕುತ್ತಿದ್ದಳು. ಒಂದೂ ಸಡಿಲಾಗಿಲ್ಲ. "ಕೌದಿ ಹೊಲ್ಯಾಕ ಬರೂದಿಲ್ಲ ಅಂತ ಯಾರ್ ಅಂದ್ರು? ಸಣ್ಣಾವ ಹೊಲ್ಯಾಕತ್ತೇನಿ" ಎಂದು ಬಾಟಲಿಗಳನ್ನು ಸಾಲಾಗಿ ಇಡುತ್ತಾಳೆ. ಈಗ ದೊಡ್ಡ ಕೌದಿಗೂ ಕೈ ಹಾಕಿದ್ದಾಳೆ, ದಾರ ಪೋಣಿಸುವುದು ನಾನು. ಅವಳ ಸಾಲು ಈಗ ನೇರವಾಗಿ ಬರುವುದಿಲ್ಲ. ಬೆರಳಿನಿಂದ ಸವರಿ ನೋಡಿ, ಬಿಚ್ಚಿ, ಮತ್ತೆ ಹೊಲಿಯುತ್ತಾಳೆ.

ವೈದ್ಯೆಯ ಸಹಿಯಿದ್ದ ಚೀಟಿಯನ್ನು ನಾನು ಮಂಡಳಿಯ ಮುಂದಿಟ್ಟೆ. ಈ ಸಲ ಕೋಣೆಯೊಳಗೆ ಹೋದವಳೇ ಕುರ್ಚಿ ಎಳೆದುಕೊಂಡು ಕುಳಿತೆ. ಆ ಹೆಣ್ಣುಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ನಳ ಬೇಕೆಂದು ಅವಳೇ ಕೇಳಿದಳು: "ನನಗ ಮೂವತ್ತೊಂದು ಹೆಜ್ಜಿ ಆಗತೈತ್ರಿ ಸಾಹೇಬ್ರ, ಆಯಿ ಎಣಿಸ್ಯಾರ. ಇಪ್ಪತ್ತನಾಕ ಸಲ ಹೋಗಿ ಬರೂದ್ರಾಗ ಉಪ್ಪಿಟ್ಟು ಮಧ್ಯಾಹ್ನದ ಊಟ ಆಗತೈತಿ." ಮೂರು ವಾರದಲ್ಲಿ ಪಡಸಾಲೆಯ ಮೂಲೆಗೆ ನಳ ಬಂತು. ದಪ್ಪ ಕನ್ನಡಕದವರು ಅದನ್ನು ತಿರುಗಿಸುತ್ತಾ ಫೋಟೊ ತೆಗೆಸಿಕೊಂಡರು.

ದಿನವಹಿಯ ಆ ವಾಕ್ಯವನ್ನು ಹೊಡೆದು ಹಾಕಿರಿ ಎಂದು ನಾನು ಕೇಳಿದೆ. "ಆಗಿ ಹೋದದ್ದು ಬಿಡ್ರಿ ಅಕ್ಕಾರ, ನಳ ಬಂತಲ್ಲ" ಎಂದರು. ಮತ್ತೆ ಕೇಳಿದೆ, ನಂತರವೂ ಕೇಳಿದೆ. ಐದನೆಯ ಸಲ ಕೇಳಿದಾಗ ಬೇಸತ್ತು ದಿನವಹಿಯನ್ನೇ ನನ್ನ ಕಡೆ ತಿರುಗಿಸಿ ತೋರಿಸಿದರು. ನನ್ನ ಹೆಸರಿನ ಮುಂದಿನ ವಾಕ್ಯ ಹಾಗೆಯೇ ಇತ್ತು. ಕೆಲವು ಪುಟಗಳ ನಂತರ ಅಕ್ಕನ ಹೆಸರಿನ ಮುಂದೆ, ಅದೇ ದುಂಡನೆಯ ಅಕ್ಷರದಲ್ಲಿ, ಇನ್ನೊಂದು ವಾಕ್ಯ ಸೇರಿತ್ತು: "ಕಣ್ಣಿನ ತೊಂದರೆ. ವಯೋಸಹಜ."

ಆ ಎರಡು ಪುಟಗಳು ಇಂದಿಗೂ ಆ ಕಪಾಟಿನಲ್ಲಿವೆ. ಆದ್ದರಿಂದ ಮಂಡಳಿಯ ಮೂವರನ್ನೂ ವ್ಯವಸ್ಥಾಪಕರನ್ನೂ ನಾನು ಇಲ್ಲಿ, ಓದುವವರೆಲ್ಲರ ಎದುರು, ಕೇಳುತ್ತೇನೆ. ಕೈ ತೊಳೆಯಿರಿ ಎಂದವಳ ಹೆಸರಿನ ಮುಂದೆ ಬರೆಯಲು ನಿಮಗೆ ಅಂದೇ, ಆ ಗಳಿಗೆಯಲ್ಲೇ, ಶಬ್ದ ಸಿಕ್ಕಿತು. ನೀರನ್ನು ಮೂವತ್ತೊಂದು ಹೆಜ್ಜೆ ದೂರವಿಟ್ಟು, ತೊಳೆಯದ ಕೈಗೆ ತಾಟು ಕೊಟ್ಟು, ನಾಲ್ಕು ಜನರ ಕಣ್ಣಿಗೆ ಒಂದೇ ಬಾಟಲಿ ಸಾಕೆಂದು ನಕ್ಕವರ ಹೆಸರಿನ ಮುಂದೆ ಬರೆಯಬೇಕಾದ ಶಬ್ದ ಯಾವುದು?